ಗ್ಯಾಸ್ ಬಿಟ್ಟರೆ ಆನ್, ತೆಗೆದರೆ ಆಫ್: ಎಣ್ಣೆ-ನೀರನ್ನು ಬೆರೆಸಿ ಬೇರ್ಪಡಿಸುವ 'ಸ್ವಿಚ್ ಸೋಪು' ಮುಂಬೈ ಕಡಲಿಗೆ ಏಕೆ ಮುಖ್ಯ?

ಮುಂಬೈ: 2010ರ ಆಗಸ್ಟ್ 7ರ ಬೆಳಗ್ಗೆ ಮುಂಬೈ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿ ಹೊಡೆದವು. ಒಂದು, ಜವಾಹರಲಾಲ್ ನೆಹರು ಬಂದರಿನಿಂದ ಹೊರಟಿದ್ದ ಎಂಎಸ್‌ಸಿ ಚಿತ್ರಾ. ಇನ್ನೊಂದು, ಒಳಗೆ ಬರುತ್ತಿದ್ದ ಖಲೀಜಿಯಾ-3. ಚಿತ್ರಾ ಒಂದು ಬದಿಗೆ ವಾಲಿತು, ಅದರ ಮೇಲಿದ್ದ ನೂರಾರು ಕಂಟೇನರ್‌ಗಳು ಸಮುದ್ರಕ್ಕೆ ಉರುಳಿದವು. ಸುಮಾರು 800 ಟನ್ ಇಂಧನ ತೈಲ ನೀರಿಗೆ ಸೇರಿತು ಎಂದು ಆಗ ಅಂದಾಜಿಸಲಾಗಿತ್ತು. ಬಂದರಿನ ಸಂಚಾರ ಹಲವು ದಿನ ನಿಂತಿತು. ರಾಯಗಡ ಮತ್ತು ನವಿ ಮುಂಬೈ ಕಡೆಯ ಕಾಂಡ್ಲಾ ಗಿಡಗಳ ಬೇರಿಗೆ ಕಪ್ಪು ಜಿಡ್ಡು ಮೆತ್ತಿಕೊಂಡಿತು. ಮೀನು ತಿನ್ನಲು ಜನ ಹೆದರಿದರು. ಕೋಳಿ ಸಮುದಾಯದ ಮೀನುಗಾರರ ಬುಟ್ಟಿಗಳು ಮಾರುಕಟ್ಟೆಯಲ್ಲಿ ಹಾಗೇ ಉಳಿದವು.

ಕೋಸ್ಟ್ ಗಾರ್ಡ್ ಹಡಗು ಮತ್ತು ಹೆಲಿಕಾಪ್ಟರ್‌ಗಳು ಅಂದು ತೈಲದ ಮೇಲೆ 'ಡಿಸ್ಪರ್ಸೆಂಟ್' ಎಂಬ ರಾಸಾಯನಿಕ ಸಿಂಪಡಿಸಿದವು. ಹೆಸರು ದೊಡ್ಡದು, ಆದರೆ ಇದು ನಿಮ್ಮ ಅಡುಗೆಮನೆಯ ಪಾತ್ರೆ ತೊಳೆಯುವ ಲಿಕ್ವಿಡ್‌ನ ದೂರದ ಸಂಬಂಧಿ. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಿಬಿಡುವುದೇ ಇದರ ಕೆಲಸ.

ಇಲ್ಲೇ ಒಂದು ಸಮಸ್ಯೆ ಇದೆ. ಡಿಸ್ಪರ್ಸೆಂಟ್ ಎಣ್ಣೆಯನ್ನು ಮಾಯ ಮಾಡುವುದಿಲ್ಲ. ಮೇಲೆ ತೇಲುತ್ತಿದ್ದದ್ದನ್ನು ನೀರಿನೊಳಗೆ ಹರಡುತ್ತದೆ, ಅಷ್ಟೇ. ಆಮೇಲೆ ಅದನ್ನು ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ. ಒಮ್ಮೆ ಹಾಕಿದ ಸೋಪು, ಹಾಕಿದ್ದೇ ಆಯಿತು.

ಹಾಗಾದರೆ ಬೇಕೆಂದಾಗ ಕೆಲಸ ಮಾಡಿ, ಸಾಕೆಂದಾಗ ಸುಮ್ಮನಾಗುವ ಸೋಪು ಇದ್ದರೆ? ಅಂಥದ್ದು ಪ್ರಯೋಗಾಲಯದಲ್ಲಿ ಇದೆ. ಅದರ ಸ್ವಿಚ್ ಯಾವುದು ಗೊತ್ತೇ? ಸೋಡಾ ಬಾಟಲಿಯೊಳಗಿನ ಅದೇ ಕಾರ್ಬನ್ ಡೈಆಕ್ಸೈಡ್ ಅನಿಲ. ವಿಜ್ಞಾನಿಗಳು ಇವನ್ನು 'ಅನಿಲ-ಸ್ಪಂದಿ ಸರ್ಫ್ಯಾಕ್ಟಂಟ್' ಎನ್ನುತ್ತಾರೆ. ಏನಿದು, ಹೇಗೆ ಕೆಲಸ ಮಾಡುತ್ತದೆ, ಮುಂಬೈನಂಥ ನಗರಕ್ಕೆ ಇದರಿಂದ ನಿಜಕ್ಕೂ ಪ್ರಯೋಜನ ಇದೆಯೇ? ಇಲ್ಲಿದೆ ವಿವರ.

ಸರ್ಫ್ಯಾಕ್ಟಂಟ್ ಎಂದರೇನು?

ಎಣ್ಣೆ-ಸೀಗೆಕಾಯಿ ಸಂಬಂಧ ಕನ್ನಡಿಗರಿಗೆ ಹೊಸದಲ್ಲ. ಗಾದೆಯಲ್ಲಿ ಇಬ್ಬರೂ ಶತ್ರುಗಳು. ರಸಾಯನಶಾಸ್ತ್ರದಲ್ಲಿ ಮಾತ್ರ ಸೀಗೆಕಾಯಿ ಎಣ್ಣೆಯ ಶತ್ರುವಲ್ಲ, ಎಣ್ಣೆ ಮತ್ತು ನೀರಿನ ನಡುವಿನ ದಲ್ಲಾಳಿ. ಅದರಲ್ಲಿರುವ ಸ್ಯಾಪೊನಿನ್ ಒಂದು ನೈಸರ್ಗಿಕ ಸರ್ಫ್ಯಾಕ್ಟಂಟ್.

ಸರ್ಫ್ಯಾಕ್ಟಂಟ್ ಅಣುವನ್ನು ಗೊದಮೊಟ್ಟೆಯಂತೆ ಕಲ್ಪಿಸಿಕೊಳ್ಳಿ. ತಲೆಗೆ ನೀರು ಇಷ್ಟ. ಬಾಲಕ್ಕೆ ನೀರು ಆಗದು, ಎಣ್ಣೆ ಇಷ್ಟ. ಹೀಗಾಗಿ ಎಣ್ಣೆ ಮತ್ತು ನೀರು ಸೇರುವ ಗಡಿಯಲ್ಲಿ ಅದು ಬಾಲವನ್ನು ಎಣ್ಣೆಗೆ, ತಲೆಯನ್ನು ನೀರಿಗೆ ಕೊಟ್ಟು ನಿಲ್ಲುತ್ತದೆ. ಎಣ್ಣೆ ಹನಿಯ ಸುತ್ತ ಇಂಥ ಅಣುಗಳು ಬೇಲಿ ಹಾಕಿದರೆ ಎರಡು ಹನಿಗಳು ಮತ್ತೆ ಸೇರಿ ದೊಡ್ಡದಾಗಲು ಆಗುವುದಿಲ್ಲ. ಇದನ್ನೇ ಎಮಲ್ಷನ್ ಎನ್ನುವುದು. ಹಾಲು ಒಂದು ಎಮಲ್ಷನ್. ಮಾಟುಂಗಾದ ಉಡುಪಿ ಹೋಟೆಲುಗಳ ಫಿಲ್ಟರ್ ಕಾಫಿಯ ಮೇಲಿನ ನೊರೆ, ಗೋಡೆಗೆ ಬಳಿಯುವ ಪೇಂಟ್, ಬೆಳಗಿನ ಮಂಜು ಎಲ್ಲವೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಒಂದು ವಸ್ತುವಿನೊಳಗೆ ಇನ್ನೊಂದು ಅತಿ ಸಣ್ಣ ಕಣಗಳಾಗಿ ಹರಡಿಕೊಂಡಿರುವ ಈ ಕುಟುಂಬದ ಹೆಸರು 'ಕೊಲಾಯ್ಡ್'. 1861ರಲ್ಲಿ ಈ ಹೆಸರಿಟ್ಟವರು ಸ್ಕಾಟ್ಲೆಂಡ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಕಣಗಳ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ನೀರಿನಲ್ಲಿ ಸರ್ಫ್ಯಾಕ್ಟಂಟ್ ಒಂದು ಮಿತಿಗಿಂತ ಹೆಚ್ಚಾದರೆ ಅಣುಗಳು ತಾವೇ ಗುಂಪು ಕಟ್ಟಿಕೊಳ್ಳುತ್ತವೆ. ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜೇಮ್ಸ್ ಮೆಕ್‌ಬೈನ್ ಎಂಬ ವಿಜ್ಞಾನಿ ಸೋಪಿನ ಅಣುಗಳು ಹೀಗೆ ಗುಂಪು ಕಟ್ಟುತ್ತವೆ ಎಂದಾಗ ಲಂಡನ್‌ನ ಸಭೆಯೊಂದರಲ್ಲಿ ಅಧ್ಯಕ್ಷರು ಅದನ್ನು ಅಸಂಬದ್ಧ ಎಂದು ತಳ್ಳಿಹಾಕಿದ್ದರು ಎಂಬ ಕಥೆ ರಸಾಯನಶಾಸ್ತ್ರಜ್ಞರ ನಡುವೆ ಪ್ರಸಿದ್ಧ. ಅವರು ಹೇಳಿದ್ದು ಸರಿ ಎಂದು ಆಮೇಲೆ ಸಾಬೀತಾಯಿತು. ಅದೇ ಮೆಕ್‌ಬೈನ್ ಸ್ವತಂತ್ರ ಭಾರತಕ್ಕೆ ಬಂದು, 1950ರಲ್ಲಿ ಉದ್ಘಾಟನೆಗೊಂಡ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಮುಂಬೈನಿಂದ ಮೂರು ಗಂಟೆಯ ದಾರಿ.

ಮುಂಬೈಗೂ ಸೋಪಿಗೂ ನಂಟು

ಈ ವಿಷಯಕ್ಕೆ ಮುಂಬೈ ಸಹಜ ತವರು. ಶಿವಡಿಯಲ್ಲಿ ಲೀವರ್ ಕಂಪನಿಯ ಸೋಪಿನ ಕಾರ್ಖಾನೆ 1934ರಲ್ಲೇ ಶುರುವಾಗಿತ್ತು. ಗೋದ್ರೇಜ್ ಅದಕ್ಕೂ ಮುಂಚೆ ಪ್ರಾಣಿಗಳ ಕೊಬ್ಬು ಬಳಸದೆ ಸಸ್ಯಜನ್ಯ ಎಣ್ಣೆಯಿಂದ ಸೋಪು ಮಾಡಿತ್ತು. (ಬೆಂಗಳೂರಿನ ಮೈಸೂರು ಸ್ಯಾಂಡಲ್ ಕೂಡ ಅದೇ ಕಾಲದ್ದು ಎಂದು ಕನ್ನಡಿಗರು ನೆನಪಿಸಬಹುದು.) ಇವತ್ತು ಶಾಂಪೂ, ಟೂತ್‌ಪೇಸ್ಟ್‌ಗಳಿಗೆ ಸರ್ಫ್ಯಾಕ್ಟಂಟ್ ಪೂರೈಸುವ ಗ್ಯಾಲಕ್ಸಿ ಸರ್ಫ್ಯಾಕ್ಟಂಟ್ಸ್ ಕಂಪನಿಯ ಕೇಂದ್ರ ಕಚೇರಿ ನವಿ ಮುಂಬೈನಲ್ಲಿದೆ. ತಾರಾಪುರ, ತಳೋಜಾದಲ್ಲಿ ಅದರ ಘಟಕಗಳಿವೆ. ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಅಂದರೆ ಐಸಿಟಿ, 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ವಿಭಾಗವಾಗಿ ಹುಟ್ಟಿದ್ದು. ಅಲ್ಲಿ ಎಣ್ಣೆ ಮತ್ತು ಸರ್ಫ್ಯಾಕ್ಟಂಟ್ ತಂತ್ರಜ್ಞಾನಕ್ಕೇ ಮೀಸಲಾದ ವಿಭಾಗವಿದೆ.

ಇನ್ನೊಂದು ಕಡೆ ತೈಲ. 1974ರಲ್ಲಿ 'ಸಾಗರ್ ಸಮ್ರಾಟ್' ಎಂಬ ಡ್ರಿಲ್ಲಿಂಗ್ ರಿಗ್ ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿ ಬಾಂಬೆ ಹೈ ತೈಲಕ್ಷೇತ್ರವನ್ನು ಪತ್ತೆ ಮಾಡಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಂದ ಪೈಪ್‌ಲೈನ್ ಮೂಲಕ ಉರಣ್‌ಗೆ ತೈಲ ಬರುತ್ತದೆ. ಚೆಂಬೂರು ಪಕ್ಕದ ಮಾಹುಲ್‌ನಲ್ಲಿ 1950ರ ದಶಕದಿಂದಲೂ ಎರಡು ರಿಫೈನರಿಗಳಿವೆ.

ಬಾವಿಯಿಂದ ಬರುವುದು ಶುದ್ಧ ತೈಲವಲ್ಲ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ತೈಲಕ್ಷೇತ್ರಗಳಲ್ಲಿ ತೈಲವನ್ನು ಮೇಲಕ್ಕೆ ತಳ್ಳಲು ನೀರು ಪಂಪ್ ಮಾಡುತ್ತಾರೆ. ಹಾಗಾಗಿ ಮೇಲೆ ಬರುವುದು ತೈಲ, ಉಪ್ಪುನೀರು, ಅನಿಲಗಳ ಕಲಬೆರಕೆ. ಕಚ್ಚಾತೈಲದಲ್ಲೇ ಇರುವ ಆಸ್ಫಾಲ್ಟೀನ್ ಎಂಬ ಅಂಶ ಸರ್ಫ್ಯಾಕ್ಟಂಟ್‌ನಂತೆ ವರ್ತಿಸಿ, ನೀರಿನ ಹನಿಗಳನ್ನು ತೈಲದೊಳಗೆ ಬಂಧಿಸಿಡುತ್ತದೆ. ಇದನ್ನು ಬೇರ್ಪಡಿಸಲು 'ಡಿಮಲ್ಸಿಫೈಯರ್' ಎಂಬ ಬೇರೆಯೇ ರಾಸಾಯನಿಕ ಹಾಕಬೇಕು, ಬಿಸಿ ಮಾಡಬೇಕು, ಕಾಯಬೇಕು.

ಅಂದರೆ ಒಂದೇ ಉದ್ಯಮದಲ್ಲಿ ಒಂದು ಹಂತದಲ್ಲಿ ಎಣ್ಣೆ-ನೀರು ಬೆರೆಯಬೇಕು, ಮುಂದಿನ ಹಂತದಲ್ಲಿ ಬೇರೆಯಾಗಬೇಕು. ಬೆರೆಸಲು ಒಂದು ಕೆಮಿಕಲ್, ಬಿಡಿಸಲು ಇನ್ನೊಂದು. ಕೊನೆಗೆ ಎರಡೂ ತ್ಯಾಜ್ಯ ನೀರಿನಲ್ಲಿ.

ಭಟ್ನಾಗರ್ ಬಿಡಿಸಿದ್ದ ಕೆಸರಿನ ಒಗಟು

ಕೊಲಾಯ್ಡ್‌ನ ರಚನೆಯನ್ನು ಬೇಕಾದಂತೆ ಬದಲಿಸುವುದು ಭಾರತಕ್ಕೆ ಹೊಸ ಕೆಲಸವಲ್ಲ. 1930ರ ದಶಕದಲ್ಲಿ ರಾವಲ್ಪಿಂಡಿ ಬಳಿ ಆಟಕ್ ಆಯಿಲ್ ಕಂಪನಿ ತೈಲಬಾವಿ ಕೊರೆಯುತ್ತಿತ್ತು. ಕೊರೆಯುವಾಗ ಬಳಸುವ ಮಣ್ಣಿನ ಗಂಜಿ ಭೂಮಿಯೊಳಗಿನ ಉಪ್ಪುನೀರು ತಾಕಿದ ತಕ್ಷಣ ಗಟ್ಟಿಯಾಗಿ, ಯಂತ್ರವೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಂಪನಿಯವರು ಲಾಹೋರಿನಲ್ಲಿದ್ದ ಪ್ರೊ. ಶಾಂತಿ ಸ್ವರೂಪ್ ಭಟ್ನಾಗರ್ ಬಳಿ ಹೋದರು. ಇದು ಕೊಲಾಯ್ಡ್ ಸಮಸ್ಯೆ ಎಂದು ಅವರಿಗೆ ಕೂಡಲೇ ಹೊಳೆಯಿತು. ಉಪ್ಪು ತಾಕಿದರೆ ಮಣ್ಣಿನ ಕಣಗಳ ಮೇಲಿನ ವಿದ್ಯುತ್ ಚಾರ್ಜ್ ಮುಚ್ಚಿಹೋಗಿ, ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಭಟ್ನಾಗರ್ ಅದಕ್ಕೆ ಭಾರತದ್ದೇ ಒಂದು ಮರದ ಗೋಂದು ಬೆರೆಸಿದರು, ಗಂಜಿ ಮತ್ತೆ ಹರಿಯಿತು. ಖುಷಿಯಾದ ಲಂಡನ್‌ನ ಸ್ಟೀಲ್ ಬ್ರದರ್ಸ್ ಸಂಸ್ಥೆ ಸಂಶೋಧನೆಗಾಗಿ 1.5 ಲಕ್ಷ ರೂಪಾಯಿ ಕೊಡಲು ಮುಂದಾಯಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಭಟ್ನಾಗರ್ ಹಣವನ್ನು ತಾವು ಪಡೆಯದೆ ವಿಶ್ವವಿದ್ಯಾಲಯದ ಮೂಲಕ ಪೆಟ್ರೋಲಿಯಂ ಸಂಶೋಧನೆಗೆ ಕೊಡಿಸಿದರು.

ಆದರೆ ಭಟ್ನಾಗರ್ ಗೋಂದು ಒಂದೇ ದಿಕ್ಕಿನ ಪರಿಹಾರ. ಗಂಜಿಯನ್ನು ತೆಳುವಾಗಿಸಬಹುದು, ಬೇಕೆಂದಾಗ ಮತ್ತೆ ಗಟ್ಟಿ ಮಾಡಲು ಆಗದು. ಎರಡೂ ದಿಕ್ಕಿನಲ್ಲಿ ಓಡುವ ಸ್ವಿಚ್‌ಗೆ ಇನ್ನೂ ಏಳು ದಶಕ ಕಾಯಬೇಕಾಯಿತು.

2006ರ ಪ್ರಯೋಗ

ಕೆನಡಾದ ಕಿಂಗ್‌ಸ್ಟನ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜೆಸಪ್ ಮತ್ತು ಸಂಗಡಿಗರು 2006ರ ಆಗಸ್ಟ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಜಾರ್ಜಿಯಾ ಟೆಕ್‌ನ ಚಾರ್ಲ್ಸ್ ಎಕರ್ಟ್, ಚಾರ್ಲ್ಸ್ ಲಿಯೊಟ್ಟಾ ಕೂಡ ತಂಡದಲ್ಲಿದ್ದರು. ಉದ್ದ ಬಾಲದ, 'ಅಮಿಡೀನ್' ಎಂಬ ತಲೆಯುಳ್ಳ ಅಣುವನ್ನು ಅವರು ಬಳಸಿದ್ದರು.

ಅಮಿಡೀನ್ ತಲೆಗೆ ಸಹಜವಾಗಿ ಚಾರ್ಜ್ ಇಲ್ಲ. ಹಾಗಾಗಿ ನೀರಿನ ಮೇಲೆ ಅಂಥ ಪ್ರೀತಿಯೂ ಇಲ್ಲ. ಇಡೀ ಅಣು ಎಣ್ಣೆಯಂತೆಯೇ ಇರುತ್ತದೆ, ಸೋಪಿನ ಕೆಲಸ ಮಾಡುವುದಿಲ್ಲ. ಈಗ ನೀರಿನೊಳಗೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳನ್ನು ಬಿಡಿ. ಅನಿಲ ನೀರಿನೊಂದಿಗೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಸೋಡಾ ನಾಲಿಗೆಗೆ ಚುರುಕ್ ಎನ್ನುವುದು ಇದರಿಂದಲೇ. ಆ ಆಮ್ಲ ತನ್ನ ಒಂದು ಪ್ರೋಟಾನ್ ಅನ್ನು ಅಮಿಡೀನ್‌ಗೆ ಕೊಡುತ್ತದೆ. ತಲೆಗೆ ಧನ ಚಾರ್ಜ್ ಬರುತ್ತದೆ, ಜೊತೆಗೆ ಬೈಕಾರ್ಬೊನೇಟ್ ಹುಟ್ಟುತ್ತದೆ. ಚಾರ್ಜ್ ಬಂದ ತಲೆಗೆ ನೀರೆಂದರೆ ಪ್ರಾಣ. ಅಲ್ಲಿಗೆ ಸೋಪು ಆನ್.

ಆಫ್ ಮಾಡುವುದು ಹೇಗೆ? ಗೋಲಿ ಸೋಡಾ ತೆರೆದಿಟ್ಟರೆ ಸ್ವಲ್ಪ ಹೊತ್ತಿಗೆ ಚಪ್ಪೆಯಾಗುವುದಲ್ಲ, ಅದೇ ತತ್ವ. ಮೇಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು ಮಾತ್ರ. ಹಾಗಾಗಿ ನೀರಿನಲ್ಲಿ ಕರಗಿದ ಅನಿಲ ಹೊರಗೆ ಓಡಲು ನೋಡುತ್ತದೆ. ನೈಟ್ರೋಜನ್, ಆರ್ಗಾನ್ ಅಥವಾ ಸಾದಾ ಗಾಳಿಯ ಗುಳ್ಳೆಗಳನ್ನು ಬಿಟ್ಟು, ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಅನಿಲ ಬೇಗ ಹೊರಹೋಗುತ್ತದೆ. ತಲೆ ತನ್ನ ಪ್ರೋಟಾನ್ ಕಳೆದುಕೊಂಡು ಮೊದಲಿನಂತಾಗುತ್ತದೆ. ಬೇಲಿ ಬಿದ್ದುಹೋಗುತ್ತದೆ, ಎಣ್ಣೆ ಹನಿಗಳು ಸೇರಿ ಮೇಲೆ ತೇಲುತ್ತವೆ. ಜೆಸಪ್ ತಂಡ ಹೆಕ್ಸಾಡೆಕೇನ್ ಎಂಬ ಎಣ್ಣೆಯ ಜೊತೆಗೆ ಕಚ್ಚಾತೈಲದ ಮೇಲೂ ಇದನ್ನು ಪರೀಕ್ಷಿಸಿ ತೋರಿಸಿತು.

ನಿಂಬೆಹಣ್ಣು ಹಿಂಡಿದರೂ ಆಗುತ್ತಲ್ಲ, ಗ್ಯಾಸ್ ಏಕೆ?

ಒಳ್ಳೆಯ ಪ್ರಶ್ನೆ. ಆಮ್ಲ ಹಾಕಿ ಆನ್, ಕ್ಷಾರ ಹಾಕಿ ಆಫ್ ಮಾಡುವ ಸರ್ಫ್ಯಾಕ್ಟಂಟ್‌ಗಳು ಮೊದಲಿನಿಂದಲೂ ಇವೆ. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಆಮೇಲೆ ಕಾಸ್ಟಿಕ್ ಸೋಡಾ ಹಾಕಿದರೆ ಪ್ರತಿ ಸುತ್ತಿಗೂ ಅಡುಗೆ ಉಪ್ಪು ಉಳಿಯುತ್ತದೆ. ಹತ್ತು ಸಲ ಆನ್-ಆಫ್ ಮಾಡಿದರೆ ಹತ್ತು ಪಾಲು ಉಪ್ಪು. ಭಟ್ನಾಗರ್ ಕಥೆಯಲ್ಲಿ ನೋಡಿದಂತೆ, ಕೊಲಾಯ್ಡ್‌ಗಳ ದೊಡ್ಡ ವೈರಿ ಉಪ್ಪೇ. ಸ್ವಿಚ್ ಕ್ರಮೇಣ ಕೆಟ್ಟುಹೋಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಬಂದ ಕೆಲಸ ಮುಗಿಸಿ, ಬಂದ ದಾರಿಯಲ್ಲೇ ಹೊರಡುತ್ತದೆ. ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ. ಜೊತೆಗೆ ಅಗ್ಗ, ಬೆಂಕಿ ಹಿಡಿಯುವುದಿಲ್ಲ. ಬೆಳಕಿನಿಂದ ಸ್ವಿಚ್ ಆಗುವ ಸರ್ಫ್ಯಾಕ್ಟಂಟ್‌ಗಳೂ ಇವೆ, ಆದರೆ ಕಪ್ಪು ಕಚ್ಚಾತೈಲದೊಳಗೆ ಬೆಳಕು ಹೋಗುವುದೆಲ್ಲಿ? ಗುಳ್ಳೆಗಳಿಗೆ ಆ ತೊಂದರೆ ಇಲ್ಲ.

ಉಲ್ಟಾ ಸ್ವಿಚ್ ಕೂಡ ಇದೆ. ಸಾಮಾನ್ಯ ಸೋಪು ಕೊಬ್ಬಿನಾಮ್ಲದ ಉಪ್ಪು. ಸೋಪಿನ ನೀರಿಗೆ ನಿಂಬೆರಸ ಹಿಂಡಿದರೆ ನೊರೆ ಇಳಿದು, ನೀರು ಬೆಳ್ಳಗೆ ಒಡೆದ ಹಾಲಿನಂತಾಗುವುದನ್ನು ಮನೆಯಲ್ಲೇ ನೋಡಬಹುದು. (ಸೋಪನ್ನೇ ಬಳಸಬೇಕು, ಡಿಟರ್ಜೆಂಟ್ ಪುಡಿಯಲ್ಲಿ ಇದು ನಡೆಯುವುದಿಲ್ಲ.) ಇದೇ ಜಾತಿಯ ಅಣುಗಳನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಆಫ್ ಮಾಡಬಹುದು ಎಂದು ಜೆಸಪ್ ಗುಂಪು ಮುಂದೆ ತೋರಿಸಿತು. ಇಲ್ಲಿ ಗ್ಯಾಸ್ ಬಿಟ್ಟರೆ ಬಂದ್, ತೆಗೆದರೆ ಚಾಲೂ. ಎಣ್ಣೆ ಮೆತ್ತಿದ ಮರಳು ತೊಳೆಯಲು ಇಂಥವನ್ನು ಪರೀಕ್ಷಿಸಲಾಗಿದೆ. ತೊಳೆದ ನೀರಿಗೆ ಗ್ಯಾಸ್ ಬಿಟ್ಟರೆ ಎಣ್ಣೆ ಬೇರೆಯಾಗುತ್ತದೆ.

ನೀರು ಶ್ಯಾವಿಗೆಯಾಗುವ ಆಟ

ಎಮಲ್ಷನ್ ಕಥೆ ಇಷ್ಟಾದರೆ, ಇನ್ನೂ ಸ್ವಾರಸ್ಯಕರವಾದದ್ದು ಮೈಸೆಲ್‌ಗಳ ಆಕಾರ ಬದಲಾವಣೆ.

ಚೀನಾದ ಯುಜುನ್ ಫೆಂಗ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸರಳ ಉಪಾಯ ತೋರಿಸಿದರು. ಅವರು ಬಳಸಿದ ಸರ್ಫ್ಯಾಕ್ಟಂಟ್ ಅಪರೂಪದ್ದೇನಲ್ಲ, ಟೂತ್‌ಪೇಸ್ಟ್‌ನಲ್ಲಿ ಇರುವ ಸೋಡಿಯಂ ಡೋಡೆಸಿಲ್ ಸಲ್ಫೇಟ್. ಅದರ ತಲೆಯಲ್ಲಿ ಋಣ ಚಾರ್ಜ್ ಇರುತ್ತದೆ. ಒಂದೇ ಬಗೆಯ ಚಾರ್ಜ್‌ಗಳು ಒಂದನ್ನೊಂದು ದೂರ ತಳ್ಳುವುದರಿಂದ ತಲೆಗಳು ಅಗಲವಾಗಿ ಕೂರುತ್ತವೆ. ಅಗಲವಾಗಿ ಕೂತರೆ ಮೈಸೆಲ್ ಚೆಂಡಿನಂತೆ ದುಂಡಗಿರುತ್ತದೆ. ಲೋಕಲ್ ಟ್ರೈನಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡದೆ ಕೂತವರಂತೆ ಎನ್ನಬಹುದು.

ಇದಕ್ಕೆ ಎರಡು ತುದಿಯಲ್ಲೂ ಅಮೀನ್ ಗುಂಪಿರುವ ಒಂದು ಪುಟ್ಟ ಅಣು ಸೇರಿಸಿದರು. ಮೊದಮೊದಲು ಅದು ಸುಮ್ಮನಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟ ಕೂಡಲೇ ಎರಡೂ ತುದಿಗೆ ಧನ ಚಾರ್ಜ್ ಬಂದು, ಅದು ಎರಡು ಸರ್ಫ್ಯಾಕ್ಟಂಟ್ ತಲೆಗಳನ್ನು ಎರಡು ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆಯುತ್ತದೆ. ತಲೆಗಳು ಒತ್ತಾಗಿ ಕೂತಾಗ ಚೆಂಡಿನ ಆಕಾರ ಸಾಧ್ಯವಿಲ್ಲ, ಮೈಸೆಲ್ ಉದ್ದದ ಹುಳುವಿನಂತೆ ಬೆಳೆಯುತ್ತದೆ. ಇಂಥ ಲಕ್ಷಾಂತರ ಎಳೆಗಳು ಬೇಯಿಸಿದ ಶ್ಯಾವಿಗೆಯಂತೆ ಒಂದಕ್ಕೊಂದು ಸಿಕ್ಕಿಕೊಂಡರೆ, ನೀರಿನಷ್ಟು ತೆಳುವಾಗಿದ್ದ ದ್ರವ ಜೆಲ್‌ನಂತೆ ದಪ್ಪಗಾಗುತ್ತದೆ. ಗ್ಯಾಸ್ ಹೊರಹಾಕಿದರೆ ಮತ್ತೆ ನೀರು.

ಇದರ ಬಳಕೆ ತೈಲಬಾವಿಗಳಲ್ಲಿ. ಭೂಮಿಯೊಳಗೆ ಪಂಪ್ ಮಾಡುವ ದ್ರವ ಪೈಪಿನಲ್ಲಿ ತೆಳುವಾಗಿರಬೇಕು, ಬಂಡೆಯ ಬಿರುಕು ತಲುಪಿದಾಗ ದಪ್ಪಗಾಗಬೇಕು. ಇಲ್ಲದಿದ್ದರೆ ಅದು ತೈಲವನ್ನು ತಳ್ಳುವ ಬದಲು ಸುಲಭದ ಬಿರುಕು ಹುಡುಕಿ ಸೋರಿಹೋಗುತ್ತದೆ. ಗುಜರಾತ್‌ನ ಕೊಯಾಲಿ ರಿಫೈನರಿಯ ಕಾರ್ಬನ್ ಡೈಆಕ್ಸೈಡ್ ಅನ್ನು ಒಎನ್‌ಜಿಸಿಯ ಗಂಧಾರ್ ಕ್ಷೇತ್ರಕ್ಕೆ ತಳ್ಳಿ ಹೆಚ್ಚು ತೈಲ ತೆಗೆಯುವ ಯೋಜನೆ ಭಾರತದಲ್ಲೂ ಚರ್ಚೆಯಲ್ಲಿದೆ. ಗ್ಯಾಸ್ ಅಲ್ಲಿಗೆ ಹೇಗೂ ಹೋಗುವುದಾದರೆ, ಅದನ್ನೇ ಸ್ವಿಚ್ ಆಗಿ ಬಳಸುವುದು ಸಹಜ ಆಲೋಚನೆ.

ಪೇಂಟ್ ಡಬ್ಬಿ ಮತ್ತು ಸುಳ್ಯದ ರಬ್ಬರ್

ರಬ್ಬರ್ ಬೆಳೆಯುವ ಸುಳ್ಯ, ಪುತ್ತೂರು ಕಡೆಯವರಿಗೆ ಕೊಲಾಯ್ಡ್ ಎಂಬ ಪದ ಗೊತ್ತಿಲ್ಲದಿದ್ದರೂ ಅದರ ವಿದ್ಯೆ ಗೊತ್ತು. ಮರದಿಂದ ಇಳಿದ ರಬ್ಬರ್ ಹಾಲು ನೀರಿನಲ್ಲಿ ತೇಲುವ ಕಣಗಳ ಕೊಲಾಯ್ಡ್. ಅದಕ್ಕೆ ಫಾರ್ಮಿಕ್ ಆಮ್ಲ ಹಾಕಿದರೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದ ಶೀಟನ್ನು ಮತ್ತೆ ಹಾಲು ಮಾಡಲು ಬರುವುದಿಲ್ಲ.

ಕ್ವೀನ್ಸ್ ವಿಶ್ವವಿದ್ಯಾಲಯದ ಮೈಕೆಲ್ ಕನ್ನಿಂಗ್‌ಹ್ಯಾಮ್ ಮತ್ತು ಜೆಸಪ್ ಅದನ್ನೇ ಕೃತಕ ಲ್ಯಾಟೆಕ್ಸ್‌ನಲ್ಲಿ ಮಾಡಿ ತೋರಿಸಿದರು. ಕಾರ್ಬನ್ ಡೈಆಕ್ಸೈಡ್ ತೆಗೆದರೆ ಪಾಲಿಸ್ಟೈರೀನ್ ಕಣಗಳು ಒಟ್ಟುಗೂಡಿ ಬೇರೆಯಾಗುತ್ತವೆ. ಮತ್ತೆ ನೀರು, ಗ್ಯಾಸ್ ಮತ್ತು ಶಬ್ದತರಂಗಗಳ ಅಲುಗಾಟ ಕೊಟ್ಟರೆ ಮೊದಲಿನ ಹಾಲು ವಾಪಸ್.

ಇದರಿಂದ ಏನು ಲಾಭ? ಗೋಡೆಯ ಎಮಲ್ಷನ್ ಪೇಂಟ್‌ನ ಮೂಲವಸ್ತು ಇಂಥ ಲ್ಯಾಟೆಕ್ಸ್. ಅದರ ತೂಕದ ದೊಡ್ಡ ಪಾಲು ನೀರು. ಗಿರ್‌ಗಾಂವ್‌ನ ಗ್ಯಾರೇಜಿನಲ್ಲಿ 1942ರಲ್ಲಿ ಶುರುವಾದ ಏಷ್ಯನ್ ಪೇಂಟ್ಸ್‌ನಿಂದ ಹಿಡಿದು ಮುಂಬೈ ಸುತ್ತಲಿನ ಪೇಂಟ್ ಉದ್ಯಮ ದೇಶದ ಮೂಲೆಮೂಲೆಗೆ ಸರಕು ಕಳಿಸುತ್ತದೆ. ಲಾರಿಗಳಲ್ಲಿ ನೀರು ಹೊರುವ ಬದಲು ಪುಡಿ ಹೊತ್ತು, ತಲುಪಿದ ಊರಿನಲ್ಲಿ ನೀರು ಮತ್ತು ಗ್ಯಾಸ್ ಸೇರಿಸುವಂತಾದರೆ ಡೀಸೆಲ್ ಉಳಿಯುತ್ತದೆ. ಇದು ಸದ್ಯಕ್ಕೆ ಆಲೋಚನೆ ಮಾತ್ರ, ಅಂಗಡಿಯಲ್ಲಿ ಹುಡುಕಲು ಹೋಗಬೇಡಿ.

ಹಾಗಾದರೆ ಚಿತ್ರಾ ದುರಂತದಲ್ಲಿ ಇದು ನೆರವಾಗುತ್ತಿತ್ತೇ?

ನೇರ ಉತ್ತರ: ತೆರೆದ ಸಮುದ್ರದಲ್ಲಿ, ಇಲ್ಲ.

ಕಾರಣ ಸರಳ. ಸ್ವಿಚ್ ಒತ್ತಲು ಅನಿಲವನ್ನು ಹಿಡಿದಿಡಬೇಕು, ಅದಕ್ಕೆ ಮುಚ್ಚಿದ ಪಾತ್ರೆ ಬೇಕು. ಅರಬ್ಬಿ ಸಮುದ್ರಕ್ಕೆ ಮುಚ್ಚಳ ಹಾಕಲು ಆಗುವುದಿಲ್ಲ. ಬಿಟ್ಟ ಗುಳ್ಳೆ ಗಾಳಿಗೆ ಹೋಗುತ್ತದೆ. ಸಮುದ್ರದ ನೀರಿನಲ್ಲಿ ಆಗಲೇ ಇರುವ ಬೈಕಾರ್ಬೊನೇಟ್ ಆಮ್ಲೀಯತೆಯ ಬದಲಾವಣೆಯನ್ನು ತಡೆಯುತ್ತದೆ. ಇನ್ನು ಉಪ್ಪಿನ ಕಾಟ ಇದ್ದದ್ದೇ. 'ತೈಲ ಸೋರಿಕೆಗೆ ಮ್ಯಾಜಿಕ್ ಸೋಪು' ಎಂಬಂಥ ಶೀರ್ಷಿಕೆ ಕಂಡರೆ ಸಂಶಯದಿಂದಲೇ ಓದುವುದು ಒಳ್ಳೆಯದು.

ದಡದ ಮೇಲೆ ಮಾತ್ರ ಲೆಕ್ಕ ಬೇರೆ. ಮಳೆಗಾಲದಲ್ಲಿ ಜುಹು, ವರ್ಸೋವಾ ಬೀಚ್‌ಗೆ ಹೋದವರ ಕಾಲಿಗೆ ಕಪ್ಪು ಡಾಂಬರಿನ ಉಂಡೆಗಳು ಅಂಟುವುದು ಮುಂಬೈಕರರಿಗೆ ಗೊತ್ತು. ಸಮುದ್ರದಲ್ಲಿ ಚೆಲ್ಲಿದ ತೈಲವೇ ಬಿಸಿಲು-ಅಲೆಗೆ ಸಿಕ್ಕಿ ಗಟ್ಟಿಯಾಗಿ, ನೈಋತ್ಯ ಮಾರುತದ ಜೊತೆ ದಡ ಸೇರುವುದು ಹೀಗೆ. ಗೋವಾ, ಕರ್ನಾಟಕದ ಕರಾವಳಿಯಲ್ಲೂ ಈ ಉಂಡೆಗಳು ಕಾಣುತ್ತವೆ. ಸದ್ಯ ಜಿಡ್ಡಿನ ಮರಳನ್ನು ಸಲಿಕೆಯಲ್ಲಿ ಎತ್ತಿ ಚೀಲಕ್ಕೆ ತುಂಬಿ ಸಾಗಿಸುವುದೇ ಸಾಮಾನ್ಯ ದಾರಿ. ಆ ಮರಳನ್ನು ಟ್ಯಾಂಕಿನಲ್ಲಿ ಹಾಕಿ, ಸ್ವಿಚ್ ಸೋಪಿನಿಂದ ತೊಳೆದು, ಗ್ಯಾಸ್‌ನಿಂದ ಎಣ್ಣೆ ಬೇರ್ಪಡಿಸಿ, ಅದೇ ನೀರು-ಸೋಪನ್ನು ಮುಂದಿನ ಕಂತಿಗೆ ಬಳಸುವುದು ತತ್ವಶಃ ಸಾಧ್ಯ. ಹಡಗಿನ ಟ್ಯಾಂಕ್ ತೊಳೆದ ನೀರು, ರಿಫೈನರಿಯ ಜಿಡ್ಡು, ಬಾವಿಯಿಂದ ಬಂದ ಎಮಲ್ಷನ್ ಎಲ್ಲವೂ ಮುಚ್ಚಿದ ಪಾತ್ರೆಯೊಳಗೇ ಇರುವುದರಿಂದ ಅಲ್ಲಿಯೂ ಅವಕಾಶವಿದೆ.

ಇದು ಸಣ್ಣ ವಿಷಯವಲ್ಲ. ಚಿತ್ರಾ ಅಪಘಾತವಾದ ಮರುವರ್ಷವೇ, 2011ರ ಆಗಸ್ಟ್‌ನಲ್ಲಿ, ಕಲ್ಲಿದ್ದಲು ಹೊತ್ತಿದ್ದ ರಾಕ್ ಕ್ಯಾರಿಯರ್ ಹಡಗು ಮುಂಬೈ ಬಳಿ ಮುಳುಗಿ ಮತ್ತೆ ತೈಲ ಸೋರಿತು. 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ-3 ಕೊಚ್ಚಿ ಬಳಿ ಮುಳುಗಿದಾಗಲೂ ಕೋಸ್ಟ್ ಗಾರ್ಡ್ ಕೈಗೆತ್ತಿಕೊಂಡದ್ದು ಡಿಸ್ಪರ್ಸೆಂಟ್ ಅನ್ನೇ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಬಳಸಲಾಗಿತ್ತು, ಅದು ಒಳ್ಳೆಯದು ಮಾಡಿತೋ ಕೆಟ್ಟದ್ದೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಬಳಸಿದ ಮೇಲೂ 'ಆನ್' ಆಗಿಯೇ ಉಳಿಯುವ ಸರ್ಫ್ಯಾಕ್ಟಂಟ್ ಏನು ಮಾಡುತ್ತದೆ ಎಂಬುದಕ್ಕೆ ಬೆಂಗಳೂರಿಗರು ಸಮುದ್ರದವರೆಗೆ ಹೋಗಬೇಕಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದದ್ದು ನೆನಪಿರಬಹುದು. ಮನೆಮನೆಯ ಡಿಟರ್ಜೆಂಟ್ ಒಳಚರಂಡಿ ಮೂಲಕ ಕೆರೆ ಸೇರಿ, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸೇರಿ ಎದ್ದದ್ದು ಆ ನೊರೆ. ನೊರೆಯೂ ಒಂದು ಕೊಲಾಯ್ಡ್ ಎಂಬುದನ್ನು ಮರೆಯುವಂತಿಲ್ಲ.

ತೊಡಕುಗಳು ಎಲ್ಲಿವೆ?

ಮೊದಲನೆಯದು ಬೆಲೆ. ಅಮಿಡೀನ್ ತಯಾರಿಕೆ ದುಬಾರಿ, ಜೊತೆಗೆ ಅದು ನೀರಿನಲ್ಲಿ ನಿಧಾನವಾಗಿ ಒಡೆದುಹೋಗುತ್ತದೆ. ಸದಾ ನೀರಿನಲ್ಲೇ ಇರಬೇಕಾದ ಸೋಪಿಗೆ ಇದು ದೊಡ್ಡ ದೋಷ. ಹಾಗಾಗಿ ಸಂಶೋಧಕರು ತೃತೀಯ ಅಮೀನ್‌ಗಳತ್ತ ಹೊರಳಿದ್ದಾರೆ. ಇವು ಗಟ್ಟಿಮುಟ್ಟು, ಅಗ್ಗ, ಕಡಿಮೆ ಶಾಖದಲ್ಲೇ ಆಫ್ ಆಗುತ್ತವೆ. ಆದರೆ ಕ್ಷಾರಗುಣ ಕಡಿಮೆ ಇರುವುದರಿಂದ ಆನ್ ಆಗುವುದು ಅಮಿಡೀನ್‌ನಷ್ಟು ಪೂರ್ತಿಯಾಗಿ ಅಲ್ಲ. ಬೇಗ ಆನ್ ಆಗುವುದು ನಿಧಾನವಾಗಿ ಆಫ್ ಆಗುತ್ತದೆ, ಬೇಗ ಆಫ್ ಆಗುವುದು ಅರೆಬರೆ ಆನ್ ಆಗುತ್ತದೆ. ಈ ಎಳೆದಾಟ ಅಣುವಿನ ಸ್ವಭಾವದಲ್ಲೇ ಇದೆ.

ಎರಡನೆಯದು ಸಮಯ. ಪ್ರಯೋಗಾಲಯದ ಸೀಸೆಯಲ್ಲಿ ಗುಳ್ಳೆ ಬಿಡುವುದು ಸುಲಭ. ಸಾವಿರಾರು ಲೀಟರಿನ ಟ್ಯಾಂಕಿನ ಮೂಲೆಮೂಲೆಗೂ ಅನಿಲ ತಲುಪಿಸಿ, ಆಮೇಲೆ ಹೊರಗೆಳೆಯುವುದು ಕಷ್ಟ. ಗುಳ್ಳೆ ಬಿಡುವಾಗ ಸೋಪಿನ ನೀರು ನೊರೆಯಾಗಿ ಉಕ್ಕುವುದು ಇನ್ನೊಂದು ತಲೆನೋವು. ಬಿಸಿ ಮಾಡುವ ಖರ್ಚೂ ಇದೆ. ರಿಫೈನರಿಗಳಲ್ಲಿ ವ್ಯರ್ಥವಾಗುವ ಶಾಖ ಬಳಸಿಕೊಂಡರೆ ಅದು ಕಡಿಮೆಯಾದೀತು.

ಇದರಿಂದ ಹವಾಮಾನ ಬದಲಾವಣೆಗೆ ಪರಿಹಾರ ಸಿಗುತ್ತದೆ ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ತಪ್ಪು ಗ್ರಹಿಕೆ. ಇಲ್ಲಿ ಬಳಕೆಯಾಗುವ ಕಾರ್ಬನ್ ಡೈಆಕ್ಸೈಡ್ ಅಲ್ಪ, ಅದೂ ಕೊನೆಗೆ ವಾಪಸ್ ಗಾಳಿಗೇ ಹೋಗುತ್ತದೆ. ಉಳಿತಾಯವಾಗುವುದು ರಾಸಾಯನಿಕಗಳಲ್ಲಿ ಮತ್ತು ತ್ಯಾಜ್ಯ ನೀರಿನ ಹೊರೆಯಲ್ಲಿ.

ಎಲ್ಲಕ್ಕಿಂತ ಗಂಭೀರವಾದದ್ದು ಜೀವಿಗಳ ಮೇಲಿನ ಪರಿಣಾಮ. ಧನ ಚಾರ್ಜ್ ಇರುವ ಉದ್ದ ಬಾಲದ ಅಣುಗಳು ಜೀವಕೋಶಗಳ ಹೊರಪದರಕ್ಕೆ ಅಂಟಿಕೊಂಡು ಅದನ್ನು ಹಾಳು ಮಾಡಬಲ್ಲವು. ಆಸ್ಪತ್ರೆಗಳ ಕೆಲವು ಸೋಂಕುನಿವಾರಕಗಳು ರೋಗಾಣುಗಳನ್ನು ಕೊಲ್ಲುವುದೂ ಇದೇ ರೀತಿ. ಮೀನಿನ ಕಿವಿರು, ಸಿಗಡಿಯ ಮರಿ, ಕಡಲಿನ ಪಾಚಿಗೆ ಅದು ಹಿತವಲ್ಲ. 'ಆಫ್' ಸ್ಥಿತಿಯಲ್ಲಿ ಅಣು ಎಣ್ಣೆಯೊಂದಿಗೆ ಹೋಗುತ್ತದೆ ಎಂಬುದು ಸಮಾಧಾನದ ಸಂಗತಿ, ಆದರೆ ಎಷ್ಟು ಪಾಲು ಹೋಗುತ್ತದೆ, ಎಷ್ಟು ನೀರಿನಲ್ಲೇ ಉಳಿಯುತ್ತದೆ ಎಂಬುದನ್ನು ಪ್ರತಿಯೊಂದು ಅಣುವಿಗೂ ಬೇರೆಬೇರೆಯಾಗಿ ಅಳೆಯಬೇಕು. ಠಾಣೆ ಕೊಲ್ಲಿಯಂತೆ ಉಬ್ಬರ-ಇಳಿತದ ಕೆಸರು, ಕಾಂಡ್ಲಾ, ಏಡಿ, ಸಿಗಡಿ ತುಂಬಿದ ಕಡೆ ಬಿಡುವ ನೀರಿನಲ್ಲಿ ಈ ಅಳತೆ ಮೊದಲು ಆಗಬೇಕಾದ ಕೆಲಸ.